ಟ್ರಾಮಿನಲ್ಲಿ ಕೂತು ಬರೆದ ಉಡುಪುಗಳು

ಮೆಲ್ಬರ್ನ್‌ನಲ್ಲಿ ಟ್ರಾಮ್ ಹತ್ತಿದವರ ಬಟ್ಟೆ ನೋಡಿ ಅವತ್ತಿನ ಹವೆ ಹೇಗಿದೆ ಎಂದು ಹೇಳಲಾಗುವುದಿಲ್ಲ. ಒಬ್ಬಾಕೆ ಗದ್ದದವರೆಗೆ ಜಿಪ್ ಎಳೆದುಕೊಂಡು ಉಬ್ಬಿದ ಜಾಕೆಟ್ಟಿನೊಳಗೆ ಮುದುಡಿ ಕೂತಿರುತ್ತಾಳೆ. ಪಕ್ಕದ ಸೀಟಿನಲ್ಲೇ ಒಬ್ಬ ಚಡ್ಡಿ, ತೋಳಿಲ್ಲದ ಬನಿಯನ್ನು, ಹವಾಯಿ ಚಪ್ಪಲಿಯಲ್ಲಿ ಆರಾಮಾಗಿ ಕಾಲು ಚಾಚಿರುತ್ತಾನೆ. ಇಬ್ಬರ ಲೆಕ್ಕವೂ ಸರಿಯೇ. ಈ ಊರಿಗೆ ಉತ್ತರದ ಒಳನಾಡಿನಿಂದ ಬೆಂಕಿಯಂಥ ಗಾಳಿ ಬೀಸುತ್ತದೆ, ದಕ್ಷಿಣದ ಕಡಲಿನಿಂದ ಕೊರೆಯುವ ಗಾಳಿ ಬರುತ್ತದೆ. ಬೇಸಿಗೆಯ ಒಂದೇ ಮಧ್ಯಾಹ್ನದಲ್ಲಿ ಗಾಳಿ ದಿಕ್ಕು ಬದಲಿಸಿದರೆ ಹತ್ತು ಹದಿನೈದು ಡಿಗ್ರಿ ಸರ್ರನೆ ಇಳಿದುಹೋಗುವುದುಂಟು. ಒಂದೇ ದಿನದಲ್ಲಿ ನಾಲ್ಕು ಋತು ಎಂದು ಇಲ್ಲಿಯವರು ಹೇಳುವುದು ಉತ್ಪ್ರೇಕ್ಷೆಯಲ್ಲ. ಅದಕ್ಕೇ ಇವರು ಪದರ ಪದರವಾಗಿ ಉಡುತ್ತಾರೆ: ಒಳಗೆ ಹತ್ತಿಯ ಟೀ ಶರ್ಟು, ಮೇಲೆ ಉಣ್ಣೆಯ ಸ್ವೆಟರು, ಅದರ ಮೇಲೆ ಮಳೆ ತಡೆಯುವ ಕೋಟು. ಬಿಸಿಲೇರಿದಂತೆ ಒಂದೊಂದೇ ಕಳಚಿ, ಸ್ವೆಟರಿನ ತೋಳುಗಳನ್ನು ಸೊಂಟಕ್ಕೆ ಗಂಟು ಹಾಕಿಕೊಳ್ಳುತ್ತಾರೆ. ಆ ಗಂಟು, ಅದರಿಂದ ಇಳಿಬಿದ್ದ ತೋಳು, ಅದರಡಿಯ ನೆರಿಗೆ – ಚಿತ್ರ ಬರೆಯುವವರಿಗೆ ಇದಕ್ಕಿಂತ ಸೊಗಸಾದ ವಸ್ತು ಬೇಕೆ?

ನಾನು ಬಂದಿಳಿದದ್ದು ಆಗಸ್ಟ್‌ನಲ್ಲಿ, ಇಲ್ಲಿಯ ಚಳಿಗಾಲದ ಕೊನೆಗೆ. ಕೆಲಸಕ್ಕೆ ಅರ್ಜಿ ಹಾಕಿದಲ್ಲೆಲ್ಲ ಈ ದೇಶದಲ್ಲಿ ದುಡಿದ ಅನುಭವ ಇದೆಯೇ ಎಂದು ಕೇಳುತ್ತಿದ್ದರು. ಬಿಡುವು ಬೇಕಾದಷ್ಟಿತ್ತು, ಕೈಯಲ್ಲಿ ಪೆನ್ನಿತ್ತು. ಮೆಲ್ಬರ್ನಿನ ಟ್ರಾಮ್ ಜಾಲ ಜಗತ್ತಿನಲ್ಲೇ ದೊಡ್ಡದು. ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಊರ ನಡುಭಾಗದಲ್ಲಿ 2015ರಿಂದ ಟಿಕೆಟ್ಟು ಬೇಕಿಲ್ಲ, ಯಾರು ಬೇಕಾದರೂ ಹತ್ತಬಹುದು, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಎದುರು ಸೀಟಿನಲ್ಲಿ ನಿಲ್ದಾಣಕ್ಕೊಬ್ಬರಂತೆ ಹೊಸ ಮಾದರಿ ಬಂದು ಕೂರುವ ಇಂಥ ಚಿತ್ರಶಾಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುವಾಗ ನಮಗೆ ಮೊದಲು ಕಲಿಸಿದ್ದು ಒಂಬತ್ತು ತಲೆಯ ಆಕೃತಿ. ತಲೆಯ ಉದ್ದವನ್ನೇ ಅಳತೆಗೋಲು ಮಾಡಿಕೊಂಡು ಮೈಯನ್ನು ಅದರ ಒಂಬತ್ತರಷ್ಟು ಎತ್ತರಕ್ಕೆ ಎಳೆಯುವುದು. ಹೆಚ್ಚಾದ ಎತ್ತರವೆಲ್ಲ ಕಾಲಿಗೆ ಸೇರುತ್ತದೆ. ನಿಜವಾದ ಮನುಷ್ಯರು ಏಳು, ಹೆಚ್ಚೆಂದರೆ ಏಳೂವರೆ ತಲೆ ಎತ್ತರ. ಒಂಬತ್ತು ತಲೆಯ ಹೆಣ್ಣಿಗೆ ಹೊಟ್ಟೆಯಿಲ್ಲ, ಆಯಾಸವಿಲ್ಲ, ಕೈಯಲ್ಲಿ ಚೀಲವಂತೂ ಇಲ್ಲವೇ ಇಲ್ಲ. ಟ್ರಾಮಿನಲ್ಲಿ ಚೀಲವಿಲ್ಲದ ಒಬ್ಬರೂ ಕಾಣುವುದಿಲ್ಲ. ಭುಜಕ್ಕೆ ನೇತುಹಾಕಿದ ಚೀಲದ ಪಟ್ಟಿ ಕೋಟನ್ನು ಎಲ್ಲಿ ಜಗ್ಗುತ್ತದೆ, ಕಾಲರು ಯಾವ ಕಡೆ ವಾಲುತ್ತದೆ – ಇದನ್ನು ಬರೆಯಲು ತೊಡಗಿದಾಗ ನನ್ನ ಪುಟದ ಮೇಲಿನ ಜನ ಗಿಡ್ಡಗಾದರು, ಅಗಲವಾದರು, ಜೀವ ತಳೆದರು.

ನಾನು ಹೆಗಲಿನಿಂದ ಶುರುಮಾಡುತ್ತೇನೆ. ಬಟ್ಟೆಯ ಭಾರವೆಲ್ಲ ತೂಗುವುದು ಹೆಗಲಿನ ಮೇಲೆ. ಅಲ್ಲಿಂದ ಮೈ ಬಾಗುವ ಕಡೆಗೆ – ಮೊಣಕೈ, ಸೊಂಟ, ಮೊಣಕಾಲು. ಮಡಿಕೆಗಳು ಹುಟ್ಟುವುದು ಅಲ್ಲಿ. ಡೆನಿಮ್ಮಿನ ಮಡಿಕೆ ಕಡಿಮೆ, ಗಡುಸು, ಉಣ್ಣೆಯದು ದುಂಡಗೆ, ರೇಷ್ಮೆಯದು ಸಣ್ಣ ಸಣ್ಣದು, ಲೆಕ್ಕವಿಲ್ಲದಷ್ಟು. ಬಣ್ಣ ತುಂಬಲು ಪುರುಸೊತ್ತಿರುವುದಿಲ್ಲ, ಅಂಚಿನಲ್ಲಿ 'ಕೆಂ', 'ನೀ' ಎಂದು ಗುರುತು ಹಾಕಿಕೊಂಡು ಮನೆಗೆ ಬಂದು ತುಂಬುತ್ತೇನೆ. ಮುಖ ಬರೆಯುವುದಿಲ್ಲ. ತಾವು ಚಿತ್ರವಾಗಬೇಕೆಂದು ಅವರು ಟ್ರಾಮ್ ಹತ್ತಿದವರಲ್ಲ. ಬಟ್ಟೆ ಬೀದಿಗೆ ಸೇರಿದ್ದು, ಮುಖ ಅವರವರದು.

ಬೆಳಗಿನ ಆರರ ಹೊತ್ತಿಗೆ ಊರಿಗೆ ಬೇರೆಯದೇ ಬಣ್ಣ. ಕಣ್ಣು ಕುಕ್ಕುವ ಕಿತ್ತಳೆ ಮತ್ತು ಹಳದಿ ಅಂಗಿ, ಎದೆ ಬೆನ್ನಿಗೆ ಬೆಳ್ಳಿಯಂತೆ ಹೊಳೆಯುವ ಪಟ್ಟಿ, ಮುಂಗಾಲಿಗೆ ಉಕ್ಕಿನ ಟೋಪಿ ಕೂರಿಸಿದ ಬೂಟು. ಇವರು ಟ್ರೇಡಿಗಳು: ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಗಾರೆ ಕೆಲಸದವರು. ಇದೇ ಅಂಗಿಯಲ್ಲಿ ಕಾಫಿ ಅಂಗಡಿಯಲ್ಲಿ ಕೂರುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಸಂಜೆ ಶಾಲೆಯ ಗೇಟಿನಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ. ಮೊಣಕಾಲ ಮೇಲೆ ಸಿಮೆಂಟಿನ ಕಲೆ ಹಾಗೇ ಇರುತ್ತದೆ, ಯಾರೂ ಸರಿದು ಕೂರುವುದಿಲ್ಲ. ನಮ್ಮಲ್ಲಿ ಮೈಮುರಿದು ದುಡಿದವರು ಬಸ್ಸು ಹತ್ತುವ ಮೊದಲು ಕೆಲಸದ ಬಟ್ಟೆ ಬದಲಿಸಿ, ತಲೆ ಬಾಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಅಂಗಿ ಮುಚ್ಚಿಟ್ಟುಕೊಳ್ಳುವುದನ್ನು ನೋಡುತ್ತಲೇ ಬೆಳೆದವಳು ನಾನು. ಈ ದೇಶದಲ್ಲಿ ನಾನು ಬರೆದ ಉಡುಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳಿದರೆ, ಬಚ್ಚಿಡಬೇಕಿಲ್ಲದ ಈ ದುಡಿಮೆಯ ಅಂಗಿ ಎನ್ನುತ್ತೇನೆ.

ಎಂಟರ ನಂತರ ಎಲ್ಲವೂ ಕಪ್ಪು. ಕಪ್ಪು ಕೋಟು, ಕಪ್ಪು ಪ್ಯಾಂಟು, ಕಪ್ಪು ಬೂಟು. ಮೆಲ್ಬರ್ನಿನವರ ಕಪ್ಪು ಪ್ರೀತಿ ದೇಶಕ್ಕೆಲ್ಲ ಗೊತ್ತು. ಅಂಥ ಪುಟವೊಂದರ ಫೋಟೋ ಹುಬ್ಬಳ್ಳಿಗೆ ಕಳಿಸಿದಾಗ ಅವ್ವ ಗಾಬರಿಯಾಗಿ ಫೋನು ಮಾಡಿದಳು: "ಅಲ್ಲವಾ, ಇವರೆಲ್ಲಾ ಯಾಕ ಕರೀ ಅರಿವಿ ಹಾಕ್ಕೊಂಡಾರ? ಯಾರರ ತೀರಿಕೊಂಡಾರೇನು?" ಇಲ್ಲವ್ವಾ, ಇವರ ದಿನದ ಅರಿವೀನ ಇದು ಎಂದೆ. ಆಮೇಲೆ ಮತ್ತೆ ಮತ್ತೆ ನೋಡಿದಂತೆ ಕಪ್ಪಿನೊಳಗೇ ಎಷ್ಟೊಂದು ಬಗೆ ಕಂಡವು. ತೊಳೆದು ತೊಳೆದು ಬೂದಿಗೆ ತಿರುಗಿದ ಕಪ್ಪು, ಚರ್ಮದ ಹೊಳಪಿನ ಕಪ್ಪು, ಸೊಮಾಲಿ ತಾಯಂದಿರ ನೆಲಮುಟ್ಟುವ ನಿಲುವಂಗಿಯ ಮೃದು ಕಪ್ಪು. ಫುಟ್‌ಬಾಲ್ ದಿನಗಳಲ್ಲಿ ಈ ಕಪ್ಪಿನ ಮೇಲೆ ಕ್ಲಬ್ಬಿನ ಬಣ್ಣದ ಉಣ್ಣೆ ಸ್ಕಾರ್ಫು ಬರುತ್ತದೆ. ಕಾಲಿಂಗ್‌ವುಡ್‌ಗೆ ಕಪ್ಪು ಬಿಳುಪು, ರಿಚ್ಮಂಡ್‌ಗೆ ಹಳದಿ ಕಪ್ಪು. ಇದು ಇಂಥ ಮನೆತನದ ಸ್ಕಾರ್ಫು ಎನ್ನುವಷ್ಟರ ಮಟ್ಟಿಗೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ.

ಶಾಲೆಯ ಮಕ್ಕಳಿಗೆ ಅಗಲ ಅಂಚಿನ ಟೋಪಿ. ಇಲ್ಲಿಯ ಬಿಸಿಲಿಗೆ ಚರ್ಮದ ಕ್ಯಾನ್ಸರು ಬರುವುದು ಹೆಚ್ಚು. 1981ರಲ್ಲಿ ಇದೇ ವಿಕ್ಟೋರಿಯ ರಾಜ್ಯದ ಕ್ಯಾನ್ಸರ್ ಸಂಸ್ಥೆ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್' ಎಂಬ ಹಾಡಿನೊಂದಿಗೆ ಪ್ರಚಾರಕ್ಕಿಳಿಯಿತು: ಅಂಗಿ ತೊಡು, ಕ್ರೀಮು ಬಳಿ, ಟೋಪಿ ಹಾಕು. ಟೋಪಿಯಿಲ್ಲದ ಮಗುವನ್ನು ಬಿಸಿಲ ತಿಂಗಳುಗಳಲ್ಲಿ ಎಷ್ಟೋ ಶಾಲೆಗಳು ಆಟಕ್ಕೆ ಬಿಡುವುದಿಲ್ಲ.

ಹೊಸ ನಾಡಿಗೆ ಬಂದು ಬೀದಿಯ ಜನರನ್ನು ಬರೆದವರಲ್ಲಿ ಮೊದಲಿಗರು ಯಾರು ಎಂದು ಹುಡುಕುತ್ತಾ ಸ್ಟೇಟ್ ಲೈಬ್ರರಿಗೆ ಹೋದೆ. ಸ್ವಾನ್‌ಸ್ಟನ್ ಬೀದಿಯಲ್ಲಿ 1856ರಲ್ಲಿ ಬಾಗಿಲು ತೆರೆದ ಗ್ರಂಥಾಲಯ ಅದು. ಅಲ್ಲಿ ಸಿಕ್ಕವನು ಎಸ್.ಟಿ. ಗಿಲ್. ಇಂಗ್ಲೆಂಡಿನಲ್ಲಿ 1818ರಲ್ಲಿ ಹುಟ್ಟಿ, 1839ರಲ್ಲಿ ಮನೆಯವರೊಂದಿಗೆ ಅಡಿಲೇಡಿಗೆ ಹಡಗಿಳಿದ ತರುಣ. ವಿಕ್ಟೋರಿಯದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿದಾಗ 1852ರಲ್ಲಿ ಗಣಿಗಳತ್ತ ಬಂದ. ಎಲ್ಲರೂ ಮಣ್ಣು ಬಗೆಯುತ್ತಿದ್ದರೆ ಈತ ಬಗೆಯುವವರನ್ನು ಬರೆದ. ಅವನ ಹಾಳೆಗಳಲ್ಲಿ ಜಗತ್ತಿನ ನಾನಾ ಮೂಲೆಗಳಿಂದ ಬಂದ ಜನ ಒಂದೇ ವೇಷಕ್ಕೆ ಇಳಿದಿದ್ದಾರೆ: ತಾಳೆಯ ಜಾತಿಯ ಮರದ ಗರಿಯಿಂದ ಹೆಣೆದ ಟೋಪಿ, ಸಡಿಲ ಅಂಗಿ, ಕೆಸರು ಮೆತ್ತಿದ ಬೂಟು. ವಕೀಲ ಯಾರು, ಕೂಲಿ ಯಾರು ಎಂದು ಹೇಳಲಾಗದು. ಇನ್ನೊಂದು ಚಿತ್ರದಲ್ಲಿ ಚಿನ್ನ ಸಿಕ್ಕವನ ಮದುವೆ. ಅಲಂಕರಿಸಿಕೊಂಡ ಜೋಡಿ ಗಾಡಿಯಲ್ಲಿ ಮೆಲ್ಬರ್ನಿನ ಬೀದಿಯಲ್ಲಿ ಮೆರೆಯುತ್ತಿದೆ. ಇಂದಿನ ಕಿತ್ತಳೆ ಅಂಗಿಯ ಹಿಂದೆ ಗಿಲ್ ಬರೆದ ಆ ಕೆಸರು ಬೂಟು ನನಗೆ ಕಾಣುತ್ತದೆ. 1869ರಲ್ಲಿ ಇದೇ ಗ್ರಂಥಾಲಯದವರು ಗಣಿಗಳ 40 ಜಲವರ್ಣ ಚಿತ್ರಗಳನ್ನು ಅವನಿಂದ ಬರೆಸಿಕೊಂಡರು. ಆದರೂ ಬಡತನ, ಕುಡಿತ ಬಿಡಲಿಲ್ಲ. 1880ರಲ್ಲಿ ಊರ ನಡುವಿನ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಸತ್ತ. ಆ ಕಟ್ಟಡದ ಮುಂದೆ ಟ್ರಾಮ್ ಹಾಯುವಾಗಲೆಲ್ಲ ಅವನ ನೆನಪಾಗುತ್ತದೆ.

ಗಿಲ್‌ನನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅನ್ಯಾಯ. ಹೊಸ ನಾಡು ಎಂಬುದು ಬಂದವರಿಗೆ ಹೊಸದು. ಇಲ್ಲಿದ್ದವರಿಗೆ ಸಾವಿರಾರು ವರ್ಷಗಳ ಮನೆ. ಈ ನೆಲ ವುರುಂಜೆರಿ ಮೊದಲಾದ ಕುಲಿನ್ ಜನರದು. ಅವರ ಉಡುಪು ಪಾಸಮ್ ಎಂಬ ಮರವಾಸಿ ಪ್ರಾಣಿಯ ತೊಗಲಿನ ಹೊದಿಕೆ. ಕೂಸಿಗೆ ಕೆಲವೇ ತೊಗಲಿನ ಪುಟ್ಟ ಹೊದಿಕೆ ಹೊಲಿದು, ಮಗು ಬೆಳೆದಂತೆ ಹೊಸ ತೊಗಲು ಸೇರಿಸುತ್ತಾ ಹೋಗುತ್ತಿದ್ದರು. ಹೊಲಿಗೆಗೆ ಕಾಂಗರೂವಿನ ನರದ ದಾರ. ಒಳಮೈಯ ತೊಗಲಿನ ಮೇಲೆ ತಮ್ಮ ಕುಲ, ನೆಲ, ನದಿಗಳ ಗೆರೆಗಳನ್ನು ಗೀರುತ್ತಿದ್ದರು. ಬಟ್ಟೆಯ ಚಿತ್ರ ಬರೆಯುವ ನಮ್ಮಂಥವರು ಬರುವುದಕ್ಕೆ ಎಷ್ಟೋ ಮೊದಲು ಬಟ್ಟೆಯ ಮೇಲೇ ಬದುಕನ್ನು ಬರೆದುಕೊಂಡವರು ಅವರು. ವಸಾಹತು ಸರ್ಕಾರ ಅದರ ಬದಲಿಗೆ ಕಂಬಳಿ ಹಂಚಿತು. ತೊಗಲಿನಂತೆ ಮಳೆ ತಡೆಯಲಾರದ ಆ ಕಂಬಳಿಗಳು ನೆನೆದು, ಹೊದ್ದವರು ಕಾಯಿಲೆ ಬಿದ್ದರು. ಹತ್ತೊಂಬತ್ತನೇ ಶತಮಾನದ ಹೊದಿಕೆಗಳು ಇಂದು ಉಳಿದಿರುವುದು ಕೆಲವೇ ಕೆಲವು. 1853 ಮತ್ತು 1872ರ ಎರಡು ಮೆಲ್ಬರ್ನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ವುರುಂಜೆರಿ ಹಿರಿಯ ವಿಲಿಯಂ ಬರಾಕ್ 1903ರಲ್ಲಿ ತೀರಿಕೊಂಡರು. ಅವರು ಇದ್ದಿಲು, ಕೆಮ್ಮಣ್ಣು, ಜಲವರ್ಣದಲ್ಲಿ ತಮ್ಮ ಜನ ಕುಣಿಯುವುದನ್ನು ಬರೆದರು. ಆ ಚಿತ್ರಗಳಲ್ಲಿ ಹೊದಿಕೆ ಹೊದ್ದವರು ಸಾಲುಗಟ್ಟಿ ನಿಂತಿದ್ದಾರೆ, ಒಂದೊಂದು ಹೊದಿಕೆಗೂ ಬೇರೆ ಬೇರೆ ವಿನ್ಯಾಸ. ಸ್ವಾನ್‌ಸ್ಟನ್ ಬೀದಿಯ ತುದಿಯ ಎತ್ತರದ ಕಟ್ಟಡವೊಂದರ ಬಾಲ್ಕನಿಗಳು ದೂರದಿಂದ ನೋಡಿದರೆ ಬರಾಕ್‌ರ ಮುಖವಾಗಿ ಕೂಡಿಕೊಳ್ಳುತ್ತವೆ.

ಫ್ಯಾಷನ್ ಎಂದರೆ ಇಲ್ಲಿಯ ಪತ್ರಿಕೆಗಳಿಗೆ ನವೆಂಬರ್ ಆಸುಪಾಸಿನ ಕುದುರೆ ಜೂಜು. 1965ರ ಡರ್ಬಿ ದಿನ ರೂಪದರ್ಶಿ ಜೀನ್ ಶ್ರಿಂಪ್ಟನ್ ಮೊಣಕಾಲಿಗಿಂತ ಸುಮಾರು ಹತ್ತು ಸೆಂಟಿಮೀಟರ್ ಮೇಲಿನ ಬಿಳಿ ಉಡುಪಿನಲ್ಲಿ, ಟೋಪಿ, ಕೈಗವಸು, ಕಾಲುಚೀಲಗಳಿಲ್ಲದೆ ಫ್ಲೆಮಿಂಗ್‌ಟನ್ ಮೈದಾನಕ್ಕೆ ಬಂದಾಗ ಊರು ಹೌಹಾರಿತು. ಅಷ್ಟು ಗಿಡ್ಡ ಹೊಲಿದದ್ದು ಬಟ್ಟೆ ಸಾಲದೆ. ಜೂಜಿನ ದಿನ ಟ್ರಾಮ್, ರೈಲುಗಳಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡವರು ತುಂಬಿರುತ್ತಾರೆ. ಬೆಳಗಿನ ಆ ಅಲಂಕಾರಕ್ಕಿಂತ, ಸಂಜೆ ಎತ್ತರದ ಹಿಮ್ಮಡಿಯ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ರೈಲಿಗೆ ಕಾಯುವ ಹುಡುಗಿಯರೇ ನನಗೆ ಬರೆಯಲು ಇಷ್ಟ.

ಅದೇ ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವ. ಉಪನಗರದ ಶಾಲಾ ಸಭಾಂಗಣ. ಕಾರಿನಿಂದ ಇಳಿಯುವವರು ಇಳಕಲ್ ಸೀರೆಯ ಮೇಲೆ ಉಬ್ಬು ಜಾಕೆಟ್ಟು ಹಾಕಿದ್ದಾರೆ. ಟೋಪ್ ತೆನಿಯ ಸೆರಗು ಜಾಕೆಟ್ಟಿನ ಕೆಳಗಿನಿಂದ ಕೆಂಪಗೆ ಇಣುಕುತ್ತದೆ. ಮೈಸೂರು ರೇಷ್ಮೆಯ ನೆರಿಗೆಯಡಿ ಓಡುವ ಬೂಟು. ರೇಷ್ಮೆ ಪಂಚೆ ಉಟ್ಟ ಹುಡುಗನೊಬ್ಬ ಶಾಲೆಯ ಟೋಪಿ ತೆಗೆಯಲು ಒಪ್ಪುತ್ತಿಲ್ಲ. ಊರಿನಲ್ಲಿದ್ದಿದ್ದರೆ ಈ ಜೋಡಿಗಳನ್ನು ನೋಡಿ ಮುಖ ಸಿಂಡರಿಸುತ್ತಿದ್ದೆನೇನೋ. ಇಲ್ಲಿ ತಿಂಗಳುಗಟ್ಟಲೆ ಪದರಗಳನ್ನು ಬರೆದ ಕೈಗೆ ಇದು ಹೊಂದದ ವೇಷವೆನಿಸಲಿಲ್ಲ. ಇವರೂ ಈ ಹವೆಗೆ ಈ ಊರಿನವರಂತೆಯೇ ಉಟ್ಟಿದ್ದರು, ತಮ್ಮ ಪೆಟ್ಟಿಗೆಯಲ್ಲಿದ್ದದ್ದನ್ನು ಬಿಟ್ಟುಕೊಡದೆ. ಅವರ ನಡುವೆ ಕೂತು ಬರೆದ ಪುಟ ನನ್ನ ಪುಸ್ತಕದಲ್ಲೇ ಚೆನ್ನಾದ ಪುಟ.

ಬೇರೆ ದೇಶಕ್ಕೆ ಹೊರಟು ನಿಂತವರು ಚಟ್ನಿಪುಡಿ, ಉಪ್ಪಿನಕಾಯಿಯ ಜೊತೆಗೆ ಅಂಗೈಯಗಲದ ಒಂದು ಪುಸ್ತಕ, ನೀರಿಗೆ ಕದಡದ ಮಸಿಯ ಒಂದು ಪೆನ್ನು ಇಟ್ಟುಕೊಳ್ಳಿ. ಚಿತ್ರಕಲೆ ಬರಲೇಬೇಕೆಂದಿಲ್ಲ, ಒಂದು ಕಾಲರು, ಒಂದು ಬೂಟು ಸಾಕು. ಇಳಿದ ವಾರವೇ ಶುರುಮಾಡಿ. ಹೊಸಬರ ಕಣ್ಣಿಗೆ ಬೀಳುವಷ್ಟು ಆಮೇಲೆ ಬೀಳುವುದಿಲ್ಲ, ವರ್ಷ ಕಳೆಯುವುದರೊಳಗೆ ಎಲ್ಲ ರೂಢಿಯಾಗಿಬಿಡುತ್ತದೆ. ಪ್ರತಿ ಪುಟದಡಿ ತಾರೀಖು, ಬೀದಿಯ ಹೆಸರು, ಅವತ್ತು ಮಳೆಯೋ ಬಿಸಿಲೋ ಎಂಬುದನ್ನು ಮರೆಯದೆ ಬರೆಯಿರಿ.