ಮಿದುಳಿನ ಲ್ಯಾಬಿಗೆ ಬೇಕಾದ ಇನ್ನೊಬ್ಬರು

ರಾಗಿ ಕಾಳಿಗಿಂತ ಚಿಕ್ಕದಾದ ಇಲಿ ಮಿದುಳಿನ ತುಣುಕು. ಅದರೊಳಗಿನ ನರಕೋಶಗಳಲ್ಲಿ ಯಾವುದು ಯಾವುದಕ್ಕೆ ಜೋಡಿಸಿಕೊಂಡಿದೆ ಎಂದು ಗುರುತಿಸಲು ಅಮೆರಿಕದಲ್ಲಿ 2016ರಲ್ಲಿ ‘ಮೈಕ್ರಾನ್ಸ್’ ಯೋಜನೆ ಶುರುವಾಯಿತು. ಹೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನವರು ಜೀವಂತ ಇಲಿಗೆ ವಿಡಿಯೊ ತೋರಿಸುತ್ತಾ ಅದರ ನರಕೋಶಗಳ ಚಟುವಟಿಕೆ ದಾಖಲಿಸಿದರು. ಸಿಯಾಟಲ್‌ನ ಆ್ಯಲನ್ ಸಂಸ್ಥೆಯವರು ಅದೇ ಭಾಗವನ್ನು 25,000ಕ್ಕೂ ಹೆಚ್ಚು ಪದರಗಳಾಗಿ ಕೊಯ್ದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಲ್ಲಿ ತಿಂಗಳುಗಟ್ಟಲೆ ಚಿತ್ರ ತೆಗೆದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಕೃತಕ ಬುದ್ಧಿಮತ್ತೆಯ ನೆರವಿನಿಂದ ನರಕೋಶಗಳ ಎಳೆ ಎಳೆಯನ್ನೂ ಹಿಂಬಾಲಿಸಿ ನಕ್ಷೆ ಕಟ್ಟಿತು. 2025ರ ಏಪ್ರಿಲ್‌ನಲ್ಲಿ ‘ನೇಚರ್’ ಬಳಗದ ಪತ್ರಿಕೆಗಳಲ್ಲಿ ಫಲಿತಾಂಶ ಬಂತು: ಸುಮಾರು 2 ಲಕ್ಷ ಜೀವಕೋಶ, 52 ಕೋಟಿಗೂ ಹೆಚ್ಚು ಸಂಪರ್ಕ.

ಕೊಯ್ಯುವ ಕೆಲಸ 12 ದಿನ ಹಗಲೂ ರಾತ್ರಿ ನಡೆಯಿತು. ತಂಡದವರು ಪಾಳಿಯ ಮೇಲೆ ಯಂತ್ರದ ಮುಂದೆ ಕೂತರು. ಸಾಲಾಗಿ ಕೆಲವು ಪದರ ಕೈತಪ್ಪಿದ್ದರೂ ಎಳೆಗಳು ನಡುವೆ ಕಡಿದುಹೋಗುತ್ತಿದ್ದವು. ಆಗ ಹೂಸ್ಟನ್ನಿನ ಇನ್ನೊಂದು ಇಲಿಯಿಂದ ಎಲ್ಲವೂ ಮೊದಲಾಗಬೇಕಾಗುತ್ತಿತ್ತು.

ಇಂಥ ಕಡೆ ವೈಜ್ಞಾನಿಕ ಪ್ರಾಜೆಕ್ಟ್ ಮ್ಯಾನೇಜರ್ ಬೇಕಾಗುತ್ತಾರೆ. ಸೂಕ್ಷ್ಮದರ್ಶಕದ ಬಿಡಿಭಾಗ ಎರಡು ವಾರ ತಡವಾದರೆ ಸಹಿಸಬಹುದು. ಆಗಷ್ಟೇ ತೆಗೆದ ಅಂಗಾಂಶ ಕಾಯುವುದಿಲ್ಲ. ಯಾವ ತಡ ಬರೀ ತಡ, ಯಾವ ತಡ ಪ್ರಯೋಗವನ್ನೇ ಕೆಡಿಸುತ್ತದೆ ಎಂಬುದು ವಿಜ್ಞಾನ ಬಲ್ಲವರಿಗೆ ಮಾತ್ರ ಗೊತ್ತು. ಹಾಗಾಗಿ ಈ ಹುದ್ದೆಯನ್ನು ‘ಸಂಶೋಧನೆ ಬಿಟ್ಟವರ ಕೆಲಸ’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಪ್ರಬಂಧಕ್ಕೆ ಯಾರು ಏನು ದುಡಿದರು ಎಂದು ದಾಖಲಿಸಲು ಎಷ್ಟೋ ವಿಜ್ಞಾನ ಪತ್ರಿಕೆಗಳು ಬಳಸುವ 14 ಪಾತ್ರಗಳ ಪಟ್ಟಿಯಲ್ಲಿ ಯೋಜನೆಯ ನಿರ್ವಹಣೆಯೂ ಒಂದು.

ನಿರ್ವಹಣೆ ಸೋತಾಗ ಏನಾಗುತ್ತದೆ ಎಂಬುದನ್ನು ಯುರೋಪ್ ನೋಡಿದೆ. ಮನುಷ್ಯನ ಮಿದುಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ದೊಡ್ಡ ಆಸೆಯೊಂದಿಗೆ ‘ಹ್ಯೂಮನ್ ಬ್ರೇನ್ ಪ್ರಾಜೆಕ್ಟ್’ 2013ರಲ್ಲಿ ಆರಂಭವಾಯಿತು. ಮರುವರ್ಷವೇ ನೂರಾರು ನರವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ವಿಧಾನ ತೀರಾ ಸಂಕುಚಿತವಾಗಿದೆ, ಆಡಳಿತ ಪಾರದರ್ಶಕವಾಗಿಲ್ಲ ಎಂಬುದು ಅವರ ದೂರು. ಮಧ್ಯಸ್ಥಿಕೆ ಸಮಿತಿ ಕೂತು, ಯೋಜನೆಯ ಆಡಳಿತವನ್ನೇ ಹೊಸದಾಗಿ ಕಟ್ಟಬೇಕಾಯಿತು. 2023ರಲ್ಲಿ ಮುಗಿಯುವ ಹೊತ್ತಿಗೆ ಅದು ಉಪಯುಕ್ತವಾದ ಮಿದುಳಿನ ನಕ್ಷೆಗಳನ್ನು ಕೊಟ್ಟಿತ್ತು, ನಿಜ. ಆದರೆ ಯಾರು ತೀರ್ಮಾನಿಸುತ್ತಾರೆ ಎಂಬುದು ಮೊದಲೇ ಇತ್ಯರ್ಥವಾಗಿದ್ದರೆ ಆ ಕಲಹದ ವರ್ಷಗಳು ಸಂಶೋಧನೆಗೆ ಸಲ್ಲುತ್ತಿದ್ದವು.

ನಮ್ಮಲ್ಲೂ ಈ ಕೆಲಸಕ್ಕೆ ಜಾಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ಗುರಿ 10,000 ಜನ. ನೆನಪಿನ ಪರೀಕ್ಷೆ, ರಕ್ತದ ಮಾದರಿ, ಎಂಆರ್‌ಐ, ಮತ್ತೆ ಕೆಲವು ಕಾಲದ ನಂತರ ಅದೇ ವ್ಯಕ್ತಿಗೆ ಅದೇ ಪರೀಕ್ಷೆ. ಶ್ರೀನಿವಾಸಪುರ ಮಾವಿನ ಸೀಮೆ. ಕೊಯ್ಲಿನ ದಿನಗಳಲ್ಲಿ ತಪಾಸಣೆಗೆ ಬನ್ನಿ ಎಂದರೆ ತೋಟ ಬಿಟ್ಟು ಯಾರು ಬಂದಾರು? ಕನ್ನಡ, ತೆಲುಗು ಎರಡೂ ಆಡುವ ಊರುಗಳಲ್ಲಿ ಪ್ರಶ್ನೆ ಕೇಳುವ ಭಾಷೆಯೂ ಮುಖ್ಯ. ಎರಡನೆಯ ಸಲ ಜನ ಬಾರದೆ ಹೋದರೆ ಮೊದಲ ಸಲದ ಅಳತೆಗೆ ಹೋಲಿಕೆಯೇ ಇರುವುದಿಲ್ಲ. ಇಂಥ ಅಧ್ಯಯನದಲ್ಲಿ ವೇಳಾಪಟ್ಟಿ ಬರೆಯುವವರಿಗೆ ಎಂಆರ್‌ಐ ಯಂತ್ರದ ಜತೆಗೆ ಊರಿನ ಬದುಕೂ ತಿಳಿದಿರಬೇಕು. ಹಳ್ಳಿಗಳಿಂದ ಬಂದ ವಿಜ್ಞಾನ ಪದವೀಧರರು ತಮ್ಮ ಈ ಬಲವನ್ನು ಸಣ್ಣದೆಂದು ತಿಳಿಯಬಾರದು.

ಶುರು ಮಾಡುವುದು ಎಲ್ಲಿಂದ? ಜೀವವಿಜ್ಞಾನ, ಮನೋವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿ, ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಒಂದು ಲ್ಯಾಬ್ ಸೇರುವುದು ಒಳ್ಳೆಯ ದಾರಿ. ಪಿಎಚ್‌.ಡಿ. ಇದ್ದರೆ ಅನುಕೂಲ, ಎಲ್ಲ ಕಡೆ ಕಡ್ಡಾಯವೇನಲ್ಲ. ಸೇರಿದ ಮೇಲೆ ಬೇರೆಯವರು ದೂರ ಸರಿಯುವ ಕೆಲಸಗಳನ್ನು ಕೇಳಿ ಪಡೆಯಿರಿ. ನೈತಿಕ ಸಮಿತಿಗೆ ಹೋಗುವ ಅರ್ಜಿ, ಉಪಕರಣದ ಇಂಡೆಂಟ್ ಮತ್ತು ಟೆಂಡರ್, ಅನುದಾನದ ಯುಟಿಲೈಸೇಶನ್ ಸರ್ಟಿಫಿಕೇಟ್, ದತ್ತಾಂಶದ ಕಡತಗಳಿಗೆ ಹೆಸರಿಡುವ ಕ್ರಮ. ಇವನ್ನು ಒಂದು ಸಲ ಮೊದಲಿಂದ ಕೊನೆಯವರೆಗೆ ನಡೆಸಿದವರಿಗೆ ಯೋಜನೆ ಎಲ್ಲಿ ನಿಲ್ಲುತ್ತದೆ ಎಂಬುದು ಅಂಗೈ ಮೇಲಿನ ಗೆರೆಯಂತೆ ಕಾಣತೊಡಗುತ್ತದೆ. ಯೋಜನಾ ನಿರ್ವಹಣೆಯ ಪಿಎಂಪಿಯಂಥ ಪ್ರಮಾಣಪತ್ರ ಆಮೇಲಿನ ಮಾತು. ಪದವೀಧರರಿಗೂ ಅದು ಯೋಜನೆ ಮುನ್ನಡೆಸಿದ ಕೆಲವು ವರ್ಷಗಳ ಅನುಭವ ಕೇಳುತ್ತದೆ.

ಐಟಿ ಕಂಪನಿಗಳಿಂದ ಬರುವವರಿಗೆ ಇಲ್ಲಿ ಕಷ್ಟವಾಗುವುದು ಒಂದೇ: ಪ್ರಯೋಗ ಅಚ್ಚುಕಟ್ಟಾಗಿ ನಡೆದೂ ಊಹೆ ಸುಳ್ಳಾಗಬಹುದು. ಅದು ಸೋಲಲ್ಲ, ಫಲಿತಾಂಶ. ಅದನ್ನು ಮುಚ್ಚಿಡುವ ಒತ್ತಡ ಹುಟ್ಟದಂತೆ ಗಡುವುಗಳನ್ನು ಹಾಕುವುದು ಈ ಹುದ್ದೆಯ ಅತಿ ಗಂಭೀರ ಹೊಣೆ ಎಂದು ನನ್ನ ನಂಬಿಕೆ.

ಸಂದರ್ಶನಕ್ಕೆ ಹೋದಾಗ ನೀವೂ ಕೇಳಿ: ದತ್ತಾಂಶದ ಬಗ್ಗೆ ಎರಡು ಲ್ಯಾಬ್‌ಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ಯಾರದು? ಅನುದಾನದ ಅವಧಿ ಮುಗಿದ ಮೇಲೆ ನನ್ನ ಹುದ್ದೆ ಏನಾಗುತ್ತದೆ? ಪ್ರಬಂಧದಲ್ಲಿ ನನ್ನ ಹೆಸರು ಇರುತ್ತದೆಯೇ? ಉತ್ತರಗಳನ್ನು ಕೇಳಿದ ಮೇಲೆ ಸೇರುವ ಮಾತು.