ಹೊತ್ತೇರುವ ಮುನ್ನ: ಮಲ್ಕಾಜ್‌ಗಿರಿಯಿಂದ ಮೂರು ಬೇಸಿಗೆ ದಾರಿಗಳು

ಶಾಲೆಗೆ ರಜೆ ಬಿತ್ತೆಂದರೆ ಮಲ್ಕಾಜ್‌ಗಿರಿಯ ಕನ್ನಡ ಮನೆಗಳಲ್ಲಿ ಊಟಿ, ಅರಕು, ಕೊಡಗು ಎಂಬ ಹೆಸರುಗಳು ಹಾರಾಡತೊಡಗುತ್ತವೆ. ಅಷ್ಟು ಹೊತ್ತಿಗೆ ರೈಲಿನ ಸೀಟೆಲ್ಲ ಭರ್ತಿಯಾಗಿರುತ್ತದೆ. ಕೊನೆಗೆ ಮಕ್ಕಳನ್ನು ಯಾವುದಾದರೂ ಮಾಲ್‌ಗೆ ಕರೆದುಕೊಂಡು ಹೋಗಿ ಐಸ್‌ಕ್ರೀಮ್ ಕೊಡಿಸಿ ರಜೆ ಮುಗಿಸುವುದು ವಾಡಿಕೆ. ಹಾಗೆ ಮಾಡಬೇಕಾಗಿಲ್ಲ. ಬಸ್ಸಿನಲ್ಲಿ ನಾಲ್ಕೈದು ಗಂಟೆಯೊಳಗೆ ಮುಟ್ಟಬಹುದಾದ ಮೂರು ದಿಕ್ಕುಗಳಿವೆ: ಪೂರ್ವಕ್ಕೆ ಭುವನಗಿರಿ–ಕೊಲನುಪಾಕ, ಉತ್ತರಕ್ಕೆ ವೇಮುಲವಾಡ, ಪಶ್ಚಿಮಕ್ಕೆ ಬೀದರ್. ಮೂರೂ ಕಡೆ ಕನ್ನಡದ ಹಳೆಯ ಹೆಜ್ಜೆಗಳಿವೆ. ಆದರೆ ದಖನ್ನಿನ ಬೇಸಿಗೆಯಲ್ಲಿ ಊರಿನ ಆಯ್ಕೆ ಎರಡನೆಯ ಮಾತು, ಹೊತ್ತಿನ ಲೆಕ್ಕವೇ ಮೊದಲು.

ಏಪ್ರಿಲ್–ಮೇ ತಿಂಗಳಲ್ಲಿ ಈ ಭಾಗದ ಹಗಲು 40 ಡಿಗ್ರಿ ದಾಟುವುದು ಹೊಸದಲ್ಲ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಸೂರಿನ ಕೆಳಗಿರಬೇಕು. ಬಯಲಿನ ಜಾಗಗಳನ್ನು ಅದಕ್ಕೆ ಮುಂಚೆ ನೋಡಿ ಮುಗಿಸಬೇಕು. ಸಂಜೆ ತಂಪಾದ ಮೇಲೆ ಬೆಟ್ಟ ಹತ್ತೋಣ ಎನ್ನುವವರು ಇಲ್ಲಿನ ಬಂಡೆಯ ಸ್ವಭಾವ ತಿಳಿಯದವರು. ದಿನವಿಡೀ ಕಾದ ಕಲ್ಲು ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಶಾಖ ಉಗುಳುತ್ತದೆ. ಸಂಜೆ ಆರಕ್ಕೆ ಗಾಳಿ ತಣಿದಿದ್ದರೂ ಕಾಲಡಿಯ ಬಂಡೆ ತಣಿದಿರುವುದಿಲ್ಲ. ಅದು ತೀರಾ ತಣ್ಣಗಿರುವುದು ನಸುಕಿನಲ್ಲಿ. ಮೇ ತಿಂಗಳ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಕಪ್ಪುಗಟ್ಟಿ ಗುಡುಗು ಮಳೆ ಬರುವುದೂ ಉಂಟು. ಆಗ ಬೋಳು ಬಂಡೆಯ ನೆತ್ತಿಯ ಮೇಲಿರುವುದೆಂದರೆ ಸಿಡಿಲಿಗೆ ತಲೆ ಕೊಟ್ಟಂತೆ.

ಹೊರಡುವ ಜಾಗದ ವಿಷಯದಲ್ಲಿ ಮಲ್ಕಾಜ್‌ಗಿರಿಯವರು ಅದೃಷ್ಟವಂತರು. ಯಾದಗಿರಿಗುಟ್ಟ, ವರಂಗಲ್ ಕಡೆಯ ಬಸ್ಸಿಗೆ ಉಪ್ಪಲ್ ಹತ್ತಿರ. ಕರೀಂನಗರ, ವೇಮುಲವಾಡದ ಬಸ್ಸಿಗೆ ಸಿಕಂದರಾಬಾದಿನ ಜೂಬಿಲಿ ಬಸ್ ನಿಲ್ದಾಣ, ಎಂದರೆ ಜೆಬಿಎಸ್. ಬೀದರಿಗೆ ಎಂಜಿಬಿಎಸ್, ಸಿಕಂದರಾಬಾದಿನಿಂದ ಮೆಟ್ರೊದ ಹಸಿರು ಮಾರ್ಗ ನೇರ ಅಲ್ಲಿಗೇ ಮುಟ್ಟಿಸುತ್ತದೆ. ನಮ್ಮ ನಿಲ್ದಾಣದ ಎಂಎಂಟಿಎಸ್ ಇದೆಯಲ್ಲ ಎಂದರೆ, ಇದೆ, ಆದರೆ ಬೊಲ್ಲಾರಂ–ಮೇಡ್ಚಲ್ ಮಾರ್ಗದಲ್ಲಿ ಗಾಡಿಗಳ ಸಂಖ್ಯೆ ಕಡಿಮೆ. ನಸುಕಿನ ಬಸ್ಸನ್ನು ಅದನ್ನು ನಂಬಿ ಹಿಡಿಯಲು ಹೋಗಬೇಡಿ, ಆಟೊ ಹೇಳಿ. ಇನ್ನೊಂದು ಎಚ್ಚರ: 2025ರ ಜನವರಿಯಲ್ಲಿ ಚರ್ಲಪಲ್ಲಿಯ ಹೊಸ ಟರ್ಮಿನಲ್ ಉದ್ಘಾಟನೆಯಾದ ಮೇಲೆ ಸಿಕಂದರಾಬಾದಿನಿಂದ ಹೊರಡುತ್ತಿದ್ದ ಎಷ್ಟೋ ರೈಲುಗಳು ಅಲ್ಲಿಗೆ ಹೋಗಿವೆ. ಟಿಕೆಟ್ ಮೇಲಿನ ನಿಲ್ದಾಣದ ಹೆಸರನ್ನು ಹಿಂದಿನ ರಾತ್ರಿಯೇ ಓದಿಕೊಳ್ಳಿ.

ಮೊದಲು ಹತ್ತಿರದ್ದು. ಭುವನಗಿರಿಯ ಕೋಟೆ ಒಂದೇ ಬಂಡೆಯ ಮೇಲಿದೆ; ಬಂಡೆಯ ಎತ್ತರ ಐನೂರು ಅಡಿಗೂ ಹೆಚ್ಚು, ಆಕಾರ ನೆಲದಲ್ಲಿ ಅರ್ಧ ಹೂತ ಮೊಟ್ಟೆಯದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಇದನ್ನು ಕಟ್ಟಿಸಿದನೆಂದೂ ಅವನ ತ್ರಿಭುವನಮಲ್ಲ ಎಂಬ ಬಿರುದೇ ಊರಿನ ಹೆಸರಾಯಿತೆಂದೂ ಪ್ರತೀತಿ. 2014ರ ಮೇ 25ರಂದು ಹದಿಮೂರನೆಯ ವಯಸ್ಸಿಗೆ ಎವರೆಸ್ಟ್ ಏರಿದ ಮಾಲಾವತ್ ಪೂರ್ಣ ಬಂಡೆ ಹತ್ತುವ ಪಾಠ ಕಲಿತದ್ದು ಇಲ್ಲೇ. ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಕಂಬಿಗಳಿವೆ, ನೆರಳು ಮಾತ್ರ ಇಲ್ಲ. ಬಾಗಿಲು ತೆರೆಯುತ್ತಲೇ ಹತ್ತಿ, ಬಿಸಿಲು ಬಲಿಯುವ ಮುನ್ನ ಇಳಿದುಬಿಡಬೇಕು.

ಇಳಿದ ಮೇಲೆ ಎರಡು ಕೆಲಸ. ಒಂದು, ರಸ್ತೆ ಬದಿ ಮಾರುವ ತಾಟಿನಿಂಗು ತಿನ್ನುವುದು. ನಲ್ಗೊಂಡ ಕಡೆಯ ಈ ನೆಲ ತಾಳೆಮರಗಳ ಸೀಮೆ. ಏಪ್ರಿಲ್–ಮೇನಲ್ಲಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಇಲ್ಲಿ ಮುಂಜಲು ಎಂದು ಕೇಳಬೇಕು. ಬೆರಳಿಂದ ಒತ್ತಿದರೆ ಒಳಗೆ ನೀರು ತುಳುಕುವಂಥದ್ದನ್ನು ಆರಿಸಿ. ಗಟ್ಟಿಯಾದದ್ದು ಹೊಟ್ಟೆಗೆ ಭಾರ. ಇನ್ನೊಂದು, ಆಲೇರಿನ ಕಡೆ ಹೊರಟು, ಅಲ್ಲಿಂದ ಆಟೊದಲ್ಲಿ ಕೊಲನುಪಾಕ ಸೇರುವುದು. ಯಾದಗಿರಿಗುಟ್ಟ ದಾರಿಯಲ್ಲೇ ಸಿಗುತ್ತದೆ. 2022ರಲ್ಲಿ ಮತ್ತೆ ತೆರೆದ ಹೊಸ ಕಲ್ಲುಗುಡಿ ಭವ್ಯವಾಗಿದೆ. ಆದರೆ ರಜೆಯ ದಿನದ ಸರದಿ ನಿಮ್ಮ ಮಧ್ಯಾಹ್ನವನ್ನೇ ನುಂಗಬಹುದು, ಅದನ್ನು ಬೇರೆ ದಿನಕ್ಕಿಡಿ.

ಕೊಲನುಪಾಕ ಸುಡುಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ, ಏಕೆಂದರೆ ನೋಡುವುದೆಲ್ಲ ಒಳಗೇ ಇದೆ. ಜೈನ ಮಂದಿರದ ತಂಪು ನೆಲ, ಹಸಿರು ಕಲ್ಲಿನ ಮಹಾವೀರ ಮೂರ್ತಿ, ಯಾತ್ರಿಕರಿಗೆ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಊಟ. ಹೊತ್ತು ಮುಳುಗಿದ ಮೇಲೆ ಊಟ ಕೇಳಬೇಡಿ, ಅದು ಅವರ ವ್ರತ. ಇನ್ನೊಂದು ಬದಿಗೆ ಸೋಮೇಶ್ವರ ದೇವಾಲಯ. ವೀರಶೈವ ಪಂಚಾಚಾರ್ಯರಲ್ಲಿ ಒಬ್ಬರಾದ ರೇಣುಕಾಚಾರ್ಯರು ಇಲ್ಲಿನ ಲಿಂಗದಿಂದ ಉದ್ಭವಿಸಿದರೆಂಬ ನಂಬಿಕೆಯಿಂದ ಕರ್ನಾಟಕದ ಭಕ್ತರು ಇಂದಿಗೂ ಬರುತ್ತಾರೆ. ಅವರಿಗೆ ಇದು ಕೊಲ್ಲಿಪಾಕಿ. ಆವರಣದ ವಸ್ತುಸಂಗ್ರಹದಲ್ಲಿ ಚಾಲುಕ್ಯ ಕಾಲದ ಶಿಲ್ಪಗಳೂ ಕನ್ನಡ ಶಾಸನಗಳೂ ಇವೆ. ಹಳಗನ್ನಡದ ಲಿಪಿ ತಡವರಿಸುತ್ತ ಓದಬಲ್ಲ ಅಜ್ಜನೊಬ್ಬ ಜೊತೆಗಿದ್ದರೆ ಮಕ್ಕಳಿಗೆ ಒಳ್ಳೆ ಆಟ.

ಉತ್ತರದ ದಾರಿ ಪಂಪನ ದಾರಿ. ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿಯ ಆಶ್ರಯದಲ್ಲಿ ಪಂಪ 941ರಲ್ಲಿ ಆದಿಪುರಾಣವನ್ನೂ ವಿಕ್ರಮಾರ್ಜುನ ವಿಜಯವನ್ನೂ ಬರೆದದ್ದು ಕನ್ನಡ ಓದಿದವರಿಗೆಲ್ಲ ಗೊತ್ತು. ಆ ಊರು ಮಲ್ಕಾಜ್‌ಗಿರಿಯಿಂದ ಸುಮಾರು 150 ಕಿಲೋಮೀಟರ್ ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಇಂದಿನ ವೇಮುಲವಾಡ ರಾಜರಾಜೇಶ್ವರನ ಕ್ಷೇತ್ರ. ಹರಕೆ ಹೊತ್ತವರು ಹೋರಿಯ ಹಗ್ಗ ಹಿಡಿದು ಗುಡಿಯ ಸುತ್ತ ಬರುವ ಕೋಡೆ ಸೇವೆ, ಆವರಣದಲ್ಲೇ ಇರುವ ದರ್ಗಾ, ಇವು ಇಲ್ಲಿನ ವಿಶೇಷ. ಸೋಮವಾರ ಕಾಲಿಡಲು ಜಾಗವಿರುವುದಿಲ್ಲ. ದೇವಸ್ಥಾನದ ವಿಸ್ತರಣೆ ಕೆಲಸ ನಡೆದಿರುವುದರಿಂದ ದರ್ಶನದ ವ್ಯವಸ್ಥೆ ಆಗಾಗ ಬದಲಾಗುತ್ತದೆ, ಮೊದಲೇ ಕೇಳಿಕೊಂಡು ಹೊರಡಿ.

ಪಂಪನನ್ನು ಹುಡುಕಿ ಹೋಗುವವರಿಗೆ ಗುಡಿಗಿಂತ ಹೆಚ್ಚು ದಕ್ಕುವುದು ಗಂಗಾಧರ ಮಂಡಲದ ಕುರಿಕ್ಯಾಲದಲ್ಲಿ. ಅಲ್ಲಿನ ಬೊಮ್ಮಲಮ್ಮ ಗುಟ್ಟದ ಬಂಡೆಯ ಮೈಮೇಲೆ ಚಕ್ರೇಶ್ವರಿ ಮತ್ತು ಜಿನಬಿಂಬಗಳ ಉಬ್ಬುಶಿಲ್ಪ, ಅದರ ಕೆಳಗೆ ಪಂಪನ ತಮ್ಮ ಜಿನವಲ್ಲಭ ಬರೆಸಿದ ಶಾಸನ. ಒಂದೇ ಕಲ್ಲಿನಲ್ಲಿ ಸಂಸ್ಕೃತ, ಕನ್ನಡ, ತೆಲುಗು. ಪಂಪನ ಮನೆತನದ ವಿವರ, ಅವನಿಗೆ ದತ್ತಿಯಾಗಿ ಬಂದ ಧರ್ಮಪುರದ ವಿಷಯ ಇದರಲ್ಲಿದೆ. ತ್ರಿಭುವನತಿಲಕವೆಂಬ ಬಸದಿ, ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಮಾಡಿಸಿದ್ದಾಗಿ ಜಿನವಲ್ಲಭ ಹೇಳಿಕೊಂಡಿದ್ದಾನೆ. ಕೆರೆಗೆ ಅಣ್ಣನ ಬಿರುದಿನ ಹೆಸರು. ಶಾಸನದ ಕೊನೆಯ ಮೂರು ತೆಲುಗು ಕಂದಪದ್ಯಗಳು ತೆಲುಗರ ಪಾಲಿಗೆ ಭಾಷೆಯ ಪ್ರಾಚೀನತೆಗೆ ದೊಡ್ಡ ಆಧಾರ. ಕನ್ನಡದ ಆದಿಕವಿಯ ತಮ್ಮ ತೆಲುಗಿಗೆ ಇಂಥ ಉಪಕಾರ ಮಾಡಿದ್ದಾನೆಂದು ಪಕ್ಕದ ಮನೆಯವರಿಗೆ ಹೇಳಿದರೆ ಮುಂದಿನ ಸಲ ಅವರೂ ಜೊತೆಗೆ ಹೊರಟಾರು.

ತೊಡಕೆಂದರೆ ಗುಟ್ಟದ ಮೇಲೂ ನೆರಳಿಲ್ಲ. ಜೆಬಿಎಸ್‌ನಿಂದ ಮೊದಲ ಬಸ್ಸಿಗೇ ಹೊರಟರೂ ಅಲ್ಲಿಗೆ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿರುತ್ತದೆ. ಆದ್ದರಿಂದ ನಾಲ್ಕೈದು ಜನ ಸೇರಿ ಕಾರು ಮಾಡಿಕೊಂಡು ನಡುರಾತ್ರಿ ಕಳೆದ ಮೇಲೆ ಹೊರಡಬೇಕು, ಇಲ್ಲ ಹಿಂದಿನ ಸಂಜೆಯೇ ಕರೀಂನಗರದಲ್ಲಿ ತಂಗಬೇಕು. ತಂಗುವವರು ಅಲ್ಲಿ ಸರ್ವಪಿಂಡಿ ತಿನ್ನದೆ ಬರಬಾರದು. ಅಕ್ಕಿಹಿಟ್ಟಿಗೆ ಶೇಂಗಾ, ಎಳ್ಳು, ಕಡಲೆಬೇಳೆ ಕಲಸಿ ಪಾತ್ರೆಯೊಳಗೇ ತಟ್ಟಿ ಬೇಯಿಸುವ ದಪ್ಪ ರೊಟ್ಟಿ ಅದು. ನಡುನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಡುತ್ತಾರೆ. ನಮ್ಮ ಅಕ್ಕಿರೊಟ್ಟಿಯ ಒರಟು ಅಣ್ಣ ಎನ್ನಬಹುದು.

ಹಾಡು ಬೇಕೆನ್ನುವವರು ಇದೇ ಕರೀಂನಗರದ ಹೆದ್ದಾರಿಯಿಂದ ಒಳಗಿರುವ ಕೊಮುರವೆಲ್ಲಿಗೆ ಬೇಸಿಗೆ ಏರುವ ಮುನ್ನವೇ ಹೋಗಬೇಕು. ಅಲ್ಲಿನ ಮಲ್ಲನ್ನ ನಮ್ಮ ಮೈಲಾರಲಿಂಗನೇ. ಸಂಕ್ರಾಂತಿಯಿಂದ ಯುಗಾದಿವರೆಗಿನ ಭಾನುವಾರಗಳಲ್ಲಿ ಜಾತ್ರೆ. ಡೋಲು ತಾಳಗಳೊಂದಿಗೆ ಒಗ್ಗು ಕಥೆಯವರು ಮಲ್ಲನ್ನನ ಕಥೆ ಹೇಳುತ್ತಾರೆ. ಹಾಡು, ಕುಣಿತ, ಹಾಸ್ಯ ಎಲ್ಲ ಒಟ್ಟಿಗೇ ಇರುವುದರಿಂದ ತೆಲುಗು ಅರೆಬರೆ ತಿಳಿದರೂ ಸಾಕು. ಊರಲ್ಲೇ ಉಳಿದವರಿಗೆ ಗುರುವಾರ ರಾತ್ರಿ ನಾಂಪಲ್ಲಿಯ ಯೂಸುಫೈನ್ ದರ್ಗಾದಲ್ಲಿ ಖವ್ವಾಲಿ ಉಂಟು. ತಲೆಗೆ ವಸ್ತ್ರ ಹಾಕಿಕೊಂಡು ಹೋಗಿ ಕೂತರಾಯಿತು.

ಇನ್ನು ಬೀದರ್. ಸುಮಾರು 140 ಕಿಲೋಮೀಟರ್; ಬಸ್ಸಾದರೆ ಸಂಗಾರೆಡ್ಡಿ, ಜಹೀರಾಬಾದ್ ಮೇಲೆ, ರೈಲಾದರೆ ವಿಕಾರಾಬಾದಿನ ಸುತ್ತು ಹಾದಿ. ಹೈದರಾಬಾದಿಗಿಂತ ನೂರೈವತ್ತು ಮೀಟರ್‌ನಷ್ಟು ಎತ್ತರದಲ್ಲಿದೆ ಎಂದು ಕೇಳಿ ಗಿರಿಧಾಮದ ಚಳಿ ಬಯಸಬೇಡಿ, ಆ ಲೆಕ್ಕಕ್ಕೆ ಇಳಿಯುವುದು ಒಂದು ಡಿಗ್ರಿ ಮಾತ್ರ. ಬೀದರಿನ ತಂಪು ಇರುವುದು ನೆಲದಡಿಯಲ್ಲಿ. ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆ ಕಲ್ಲಿನ ತುಂಬ ರಂಧ್ರ. ಮಳೆನೀರು ಸಲೀಸಾಗಿ ಇಂಗುತ್ತದೆ. ಅದರಡಿ ನೀರನ್ನು ಸುಲಭಕ್ಕೆ ಬಿಟ್ಟುಕೊಡದ ಕರಿಕಲ್ಲು, ಎಂದರೆ ಬಸಾಲ್ಟ್. ಇಂಗಿದ ನೀರು ಎರಡೂ ಕಲ್ಲು ಕೂಡುವ ಸಂದಿನಲ್ಲಿ ಅಡ್ಡಕ್ಕೆ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಬರುತ್ತದೆ. ಗುರುನಾನಕರ ಹೆಸರಿನ ಝೀರಾ, ನರಸಿಂಹ ಝರಣಿ, ಪಾಪನಾಶ ಇವೆಲ್ಲ ಹಾಗೆ ಹುಟ್ಟಿದ ಒರತೆಗಳು.

ಬಹಮನಿ ಕಾಲದಲ್ಲಿ ಇರಾನಿನ ವಿದ್ಯೆ ತಿಳಿದವರು ಇದೇ ಗುಟ್ಟನ್ನು ಹಿಡಿದು ನೌಬಾದ್ ಬಳಿ ಸುರಂಗ ಬಾವಿ ತೋಡಿದರು. ಕರೇಜ್ ಎಂದೂ ಕರೆಯುತ್ತಾರೆ. ಎತ್ತರದಲ್ಲೊಂದು ತಾಯಿಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ನೆಲದೊಳಗೆ ಸುರಂಗ, ಅಲ್ಲಲ್ಲಿ ಮೇಲಿನಿಂದ ಇಳಿಯುವ ಕಿಂಡಿಬಾವಿಗಳು. ಈ ಕಿಂಡಿಗಳಿಂದಲೇ ತೋಡಿದ ಮಣ್ಣು ಮೇಲೆತ್ತಿದ್ದು, ಗಾಳಿ ಬೆಳಕು ಇಳಿಸಿದ್ದು, ಆಮೇಲೆ ನೀರು ಸೇದಿದ್ದು. ಏತ ಬೇಡ, ಎತ್ತು ಬೇಡ. ಇಳಿಜಾರೇ ನೀರನ್ನು ಒಯ್ಯುತ್ತದೆ, ನೆಲದಡಿಯಾದ್ದರಿಂದ ಬಿಸಿಲಿಗೆ ಆರುವುದೂ ಇಲ್ಲ. ಕೋಟೆಗಿಂತ ಮೊದಲು ಇದನ್ನು ನೋಡಬೇಕೆಂದು ನನ್ನ ವಾದ, ಈ ಊರು ರಾಜಧಾನಿಯಾಗಿ ಬಾಳಿದ್ದರಲ್ಲಿ ಈ ನೀರಿನ ಪಾಲು ದೊಡ್ಡದು. ನರಸಿಂಹ ಝರಣಿಯಲ್ಲಿ ದೇವರ ಬಳಿಗೆ ಎದೆಮಟ್ಟದ ನೀರಿನಲ್ಲೇ ಸುರಂಗದೊಳಗೆ ನಡೆಯಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ, ಗಾಳಿ ಸಾಲದಾದಾಗ ಮುಚ್ಚುವುದುಂಟು. ಉಸಿರಾಟದ ತೊಂದರೆ ಇರುವವರು, ಚಿಕ್ಕ ಮಕ್ಕಳು ಹೊರಗಿನಿಂದಲೇ ಕೈಮುಗಿಯಲಿ.

ಬೀದರಿಗೆ ಒಂದು ರಾತ್ರಿ ಬೇಕು. ಮಧ್ಯಾಹ್ನ ತಲುಪಿ, ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾದ ಅಳಿದುಳಿದ ಬಣ್ಣದ ಹೆಂಚುಗಳನ್ನು ಇಳಿಬಿಸಿಲಿನಲ್ಲಿ ನೋಡಿ. ಚೌಬಾರಾ ಸುತ್ತಲ ಓಣಿಗಳಲ್ಲಿ ಬಿದರಿ ಕೆಲಸ ನಡೆಯುತ್ತದೆ. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೆಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದುತ್ತಾರೆ. ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಸಂಜೆ ಗುರುದ್ವಾರದಲ್ಲಿ ಕೀರ್ತನೆ ಕೇಳಿ ಲಂಗರಿನಲ್ಲಿ ಊಟ. ಮರುದಿನ ಬೆಳಗಿನ ಜಾವ ಅಷ್ಟೂರಿನ ಗುಮ್ಮಟಗಳು. ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯ ಒಳಗೋಡೆಯ ಚಿತ್ತಾರಕ್ಕೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಕತ್ತಲಲ್ಲಿ ನಿಲ್ಲಬೇಕು. ಹಿಂದೂಗಳಿಗೆ ಈತ ಅಲ್ಲಮಪ್ರಭು; ಹೋಳಿಯ ಬಳಿಕ ಬರುವ ಉರುಸನ್ನು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ನಡೆಸಿಕೊಡುತ್ತಾರೆ. ಆಮೇಲೆ ಕೋಟೆ, ರಂಗೀನ್ ಮಹಲಿಗೆ ಬೀಗವಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ತೆರೆಸಿ. ಹನ್ನೊಂದಕ್ಕೆ ಖಾನಾವಳಿ ಹುಡುಕಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ದಾರಿಯ ಬುತ್ತಿಗೆ ಕಡಕ್ ರೊಟ್ಟಿಗಿಂತ ನಂಬಿಕಸ್ಥ ತಿಂಡಿ ಇಲ್ಲ. ಮೊಸರನ್ನವೇ ಬೇಕೆಂದರೆ ಬಿಸಿ ಅನ್ನವನ್ನು ಆರಿಸಿ, ಹಾಲಿನಲ್ಲಿ ಕಲಸಿ, ಒಂದೇ ಚಮಚ ಮೊಸರು ಸೇರಿಸಿ. ಉಣ್ಣುವ ಹೊತ್ತಿಗೆ ಹುಳಿಯಾಗದೆ ಹದವಾಗಿ ಹೆಪ್ಪುಗಟ್ಟಿರುತ್ತದೆ.

ಕೊನೆಗೆ ಟಿಕೆಟ್ ಲೆಕ್ಕ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯಲ್ಲಿ ಇಲ್ಲಿನ ವಿಳಾಸವಿರುವ ಹೆಂಗಸರಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳು ರಾಜ್ಯದ ಗಡಿಯವರೆಗೆ ಉಚಿತ. ಕರ್ನಾಟಕದ ಶಕ್ತಿ ಯೋಜನೆಯಲ್ಲಿ ಅಲ್ಲಿನ ಹೆಂಗಸರಿಗೆ ಉಚಿತವಿರುವುದು ರಾಜ್ಯದೊಳಗೇ ಓಡುವ ಸಾಮಾನ್ಯ ಸಾರಿಗೆಯಲ್ಲಿ ಮಾತ್ರ, ರಾಜ್ಯ ದಾಟುವ ಬಸ್ಸಿನಲ್ಲಿ ಅಲ್ಲ. ಹಾಗಾಗಿ ಮಲ್ಕಾಜ್‌ಗಿರಿಯ ಸೊಸೆ ಗಡಿ ದಾಟಿದ ಮೇಲೆ ದುಡ್ಡು ಕೊಡಬೇಕು, ಭಾಲ್ಕಿಯಿಂದ ಬಂದ ಅತ್ತೆ ಬೀದರಿನವರೆಗೂ. ಇಬ್ಬರೂ ಮೂಲ ಗುರುತಿನ ಚೀಟಿಯನ್ನು ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಲಿ, ಚಿಲ್ಲರೆಯೂ ಇರಲಿ.