ಪುಟ್ಟ ಹೃದಯಕ್ಕೆ ಹೊಲಿಗೆ



ನಿಮ್ಮ ಕೈಯನ್ನು ಮುಷ್ಟಿ ಮಾಡಿ ನೋಡಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಈಗ ಒಂದು ಎಳೆ ಮಗುವಿನ ಮುಷ್ಟಿಯನ್ನು ನೆನಪು ಮಾಡಿಕೊಳ್ಳಿ. ಅದರ ಹೃದಯವೂ ಅದರ ಮುಷ್ಟಿಯಷ್ಟೇ. ಅಷ್ಟು ಸಣ್ಣ ಹೃದಯವನ್ನು ತೆರೆದು, ಹೊಲಿದು, ಸರಿ ಮಾಡುವ ಡಾಕ್ಟರುಗಳಿದ್ದಾರೆ. ಅಂಥವರಲ್ಲಿ ಹೆಸರಾದ ಒಬ್ಬರು ನಮ್ಮ ಜಿಲ್ಲೆಯವರೇ. ಅವರ ವಿಷಯ ಓದುವ ಮೊದಲು ಹೃದಯದ ಕೆಲಸ ಏನು ಅಂತ ತಿಳಿಯೋಣ.

ಹೃದಯ ಒಂದು ಪಂಪು

ನಮ್ಮ ಕೊಯಿಲದ ಅಡಿಕೆ ತೋಟಗಳಲ್ಲಿ ಪಂಪು ನೀರು ಹಾಯಿಸುತ್ತದೆ. ಹೃದಯ ರಕ್ತ ಹಾಯಿಸುತ್ತದೆ. ಪಂಪಿಗೆ ಬಿಡುವು ಉಂಟು, ಹೃದಯಕ್ಕೆ ಇಲ್ಲ. ಅದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ.

ಹೃದಯದಲ್ಲಿ 4 ಕೋಣೆಗಳಿವೆ. ಬಲಗಡೆ ಎರಡು, ಎಡಗಡೆ ಎರಡು. ಬಲಗಡೆಯ ಕೋಣೆಗಳು ಮೈಯಿಂದ ಬಂದ ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ. ಅಲ್ಲಿ ಗಾಳಿ ಸೇರಿ ರಕ್ತ ಶುದ್ಧವಾಗುತ್ತದೆ. ಎಡಗಡೆಯ ಕೋಣೆಗಳು ಆ ಶುದ್ಧ ರಕ್ತವನ್ನು ಇಡೀ ಮೈಗೆ ಕಳಿಸುತ್ತವೆ. ನಡುವೆ ಒಂದು ಗೋಡೆ ಇದೆ.

ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಈ ಗೋಡೆಯಲ್ಲಿ ತೂತು ಇರುತ್ತದೆ. ತೋಡಿಗೆ ಹಾಕಿದ ಕಟ್ಟದಲ್ಲಿ ತೂತಾದರೆ ಏನಾಗುತ್ತದೆ? ನೀರು ಹೋಗಬಾರದ ಕಡೆಗೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ. ಶುದ್ಧ ರಕ್ತ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ. ಮಗುವಿಗೆ ಉಸಿರು ಕಟ್ಟುತ್ತದೆ. ಇನ್ನು ಕೆಲವು ಮಕ್ಕಳಿಗೆ ತೂತಿನ ಜೊತೆಗೆ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದಾಗಿರುತ್ತದೆ. ಆಗ ಶುದ್ಧವಾಗದ ರಕ್ತವೇ ಮೈಗೆಲ್ಲ ಹರಿಯುತ್ತದೆ. ಅಂಥ ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ.

ಹುಟ್ಟುವ ಸುಮಾರು 100 ಮಕ್ಕಳಲ್ಲಿ ಒಂದಕ್ಕೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ.

ಇದು ಯಾರ ತಪ್ಪು?

"ಬಸುರಿಯಲ್ಲಿ ಗ್ರಹಣ ನೋಡಿದಳು, ಅದಕ್ಕೇ ಹೀಗಾಯಿತು" ಅಂತ ಕೆಲವರು ತಾಯಿಯನ್ನು ಬೈಯುತ್ತಾರೆ. ಇದು ಸರಿಯಲ್ಲ. ಬಸುರಾದ ಮೊದಲ ಎರಡು ತಿಂಗಳಲ್ಲೇ ಮಗುವಿನ ಹೃದಯ ರೂಪ ತಾಳುತ್ತದೆ. ಆಗ ಎಲ್ಲೋ ಒಂದು ಕಡೆ ಗೋಡೆ ಕೂಡದೆ ಉಳಿಯುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ಇಂಥದ್ದೇ ಕಾರಣ ಅಂತ ಹೇಳಲು ಆಗುವುದಿಲ್ಲ. ಬಸುರಿಗೆ ರುಬೆಲ್ಲಾ ಎಂಬ ಜ್ವರ ಬಂದರೆ ಹೀಗಾಗಬಹುದು. ಅದಕ್ಕೆ ಲಸಿಕೆ ಇದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೂ ಅಪಾಯ ಸ್ವಲ್ಪ ಹೆಚ್ಚು. ಆದರೆ ಇದು ತಾಯಿಯ ಪಾಪದ ಫಲ ಅಲ್ಲವೇ ಅಲ್ಲ.

ದಾರಿ ತೋರಿದ ಹೆಣ್ಣುಮಗಳು

ಹಿಂದೆ ನೀಲಿ ಮಕ್ಕಳಿಗೆ ಮದ್ದೇ ಇರಲಿಲ್ಲ. ಇದಕ್ಕೆ ದಾರಿ ತೋರಿದವರು ಅಮೆರಿಕದ ಹೆಲೆನ್ ಟಾಸಿಗ್ ಎಂಬ ಡಾಕ್ಟರು. ಅವರು ಹುಟ್ಟಿದ್ದು 1898ರಲ್ಲಿ. ಸಣ್ಣವರಿದ್ದಾಗ ಅವರಿಗೆ ಓದು ಬಹಳ ಕಷ್ಟವಾಗಿತ್ತು. ಅಕ್ಷರಗಳು ಕಣ್ಣಿಗೆ ಸರಿಯಾಗಿ ಕೂಡುತ್ತಿರಲಿಲ್ಲ. 11 ವರ್ಷಕ್ಕೆ ತಾಯಿ ತೀರಿಕೊಂಡರು. ತಂದೆ ಜೊತೆಗೆ ಕೂತು ತಾಳ್ಮೆಯಿಂದ ಓದಿಸಿದರು. ಅವರು ಡಾಕ್ಟರಾದರು. ಆಮೇಲೆ ಕಿವಿ ಮಂದವಾಯಿತು. ಆಗಲೂ ಬಿಡಲಿಲ್ಲ. ಮಗುವಿನ ಎದೆಯ ಮೇಲೆ ಬೆರಳಿಟ್ಟು ಬಡಿತ ತಿಳಿಯುವುದನ್ನು ಕಲಿತರು.

ರಕ್ತಕ್ಕೆ ಬೇರೆ ದಾರಿ ಜೋಡಿಸಿದರೆ ನೀಲಿ ಮಗು ಬದುಕೀತು ಎಂಬ ಯೋಚನೆ ಅವರದು. 1944ರ ನವೆಂಬರಿನಲ್ಲಿ ಡಾಕ್ಟರ್ ಆಲ್ಫ್ರೆಡ್ ಬ್ಲಾಲಕ್ ಅದನ್ನು ಮಾಡಿದರು. ಅವರ ಬೆನ್ನ ಹಿಂದೆ ನಿಂತು ಹೇಳಿಕೊಟ್ಟವರು ವಿವಿಯನ್ ಥಾಮಸ್. ಥಾಮಸ್ ಬಡಗಿ ಕೆಲಸ ಕಲಿತವರು. ಕರಿಯರೆಂದು ಕೀಳಾಗಿ ಕಂಡ ಕಾಲ ಅದು. ಕಾಲೇಜಿಗೆ ಹೋಗಲು ಅವರಿಗೆ ಆಗಲಿಲ್ಲ. ಆದರೆ ಆ ಹೊಲಿಗೆಯನ್ನು ಪ್ರಾಣಿಗಳ ಮೇಲೆ ಮತ್ತೆ ಮತ್ತೆ ಮಾಡಿ ಕೈಗೆ ತಂದುಕೊಂಡವರು ಅವರೇ.

1953ರ ಮೇ ತಿಂಗಳಲ್ಲಿ ಇನ್ನೊಂದು ದೊಡ್ಡ ಕೆಲಸ ಆಯಿತು. ಡಾಕ್ಟರ್ ಜಾನ್ ಗಿಬ್ಬನ್ ಒಂದು ಯಂತ್ರ ಮಾಡಿದ್ದರು. ಸ್ವಲ್ಪ ಹೊತ್ತು ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಆ ಯಂತ್ರ ಮಾಡುತ್ತದೆ. ಅದರ ಸಹಾಯದಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯದ ತೂತು ಮುಚ್ಚಿದರು. ಹುಡುಗಿ ಬದುಕಿದಳು.

ನಮ್ಮ ಜಿಲ್ಲೆಯ ಡಾಕ್ಟರು

ಅದೇ 1953ರ ಮೇ ತಿಂಗಳಲ್ಲಿ ನಮ್ಮ ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಒಂದು ಗಂಡುಮಗು ಹುಟ್ಟಿತು. ಅವರೇ ಡಾಕ್ಟರ್ ದೇವಿಪ್ರಸಾದ್ ಶೆಟ್ಟಿ. ಮನೆಯ ಒಂಬತ್ತು ಮಕ್ಕಳಲ್ಲಿ ಎಂಟನೆಯವರು. 1967ರಲ್ಲಿ ದಕ್ಷಿಣ ಆಫ್ರಿಕಾದ ಡಾಕ್ಟರೊಬ್ಬರು ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಜೋಡಿಸಿದ್ದರು. ಶಾಲೆಯಲ್ಲಿ ಆ ಸುದ್ದಿ ಕೇಳಿದ ಹುಡುಗ, "ನಾನೂ ಹೃದಯದ ಡಾಕ್ಟರಾಗ್ತೇನೆ" ಅಂತ ಮನಸ್ಸು ಮಾಡಿದ.

ಅವರು ಡಾಕ್ಟರ ಓದು ಓದಿದ್ದು ಮಂಗಳೂರಿನ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ. ಆಮೇಲೆ ಲಂಡನ್ನಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಶನ್ ಕಲಿತರು. 1989ರಲ್ಲಿ ದೇಶಕ್ಕೆ ಮರಳಿ ಕಲ್ಕತ್ತೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ 1992ರಲ್ಲಿ ಹುಟ್ಟಿ ಕೆಲವೇ ದಿನಗಳಾದ ಕೂಸಿಗೆ ಹೃದಯದ ಆಪರೇಶನ್ ಮಾಡಿದರು. ನಮ್ಮ ದೇಶದಲ್ಲಿ ಅಷ್ಟು ಎಳೆಯ ಕೂಸಿಗೆ ಅಂಥ ಆಪರೇಶನ್ ಅದೇ ಮೊದಲು ಅಂತ ಹೇಳುತ್ತಾರೆ. ಮದರ್ ತೆರೇಸಾ ಅವರಿಗೂ ಅವರು ಚಿಕಿತ್ಸೆ ಮಾಡಿದ್ದರು. 2001ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಆಸ್ಪತ್ರೆ ಕಟ್ಟಿದರು. ಹೆಚ್ಚು ಆಪರೇಶನ್ ಮಾಡಿದರೆ ಒಂದೊಂದರ ಖರ್ಚು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ.

ಕೈಗೆ ಬರಲು ಎಷ್ಟು ವರ್ಷ?

ಬೀಡಿ ಕಟ್ಟುವ ಅಕ್ಕಂದಿರಿಗೆ ಗೊತ್ತು. ಎಲೆ ಸುತ್ತುವುದು ಒಂದೇ ದಿನದಲ್ಲಿ ಬರುವುದಿಲ್ಲ. ಹಾಗಾದರೆ ಮಗುವಿನ ಹೃದಯ ಹೊಲಿಯಲು ಎಷ್ಟು ಕಲಿಯಬೇಕು? ಪಿ.ಯು.ಸಿ. ಮುಗಿದ ಮೇಲೆ ಡಾಕ್ಟರ ಓದಿಗೆ ಐದೂವರೆ ವರ್ಷ. ಆಪರೇಶನ್ ಕಲಿಯಲು 3 ವರ್ಷ. ಹೃದಯದ ಆಪರೇಶನ್ ಕಲಿಯಲು ಮತ್ತೆ 3 ವರ್ಷ. ಆಮೇಲೆ ಮಕ್ಕಳ ಹೃದಯದ ಕೆಲಸವನ್ನು ಹಿರಿಯರ ಜೊತೆ ನಿಂತು ಕಲಿಯಬೇಕು. ಅಷ್ಟಾಗುವಾಗ ವಯಸ್ಸು 30 ದಾಟಿರುತ್ತದೆ. ಕೂದಲಿಗಿಂತ ತೆಳುವಾದ ನೂಲು. ದೊಡ್ಡದಾಗಿ ತೋರುವ ಕನ್ನಡಕ. ಗಂಟೆಗಟ್ಟಲೆ ನಿಂತೇ ಕೆಲಸ. ನಿದ್ದೆ ಬರಿಸುವ ಡಾಕ್ಟರು, ಯಂತ್ರ ನಡೆಸುವವರು, ನರ್ಸುಗಳು ಎಲ್ಲರೂ ಜೊತೆಗಿರಬೇಕು.

ಈ ಕೆಲಸ ಗಂಡಸರಿಗೆ ಮಾತ್ರ ಅಲ್ಲ. ನಿಮ್ಮ ಮಗಳೂ ಕಲಿಯಬಹುದು. ಅವಳ ಶಾಲೆ ಬಿಡಿಸಬೇಡಿ.

ನಾವೇನು ಮಾಡಬೇಕು?

ಈ ಗುರುತುಗಳನ್ನು ನೆನಪಿಡಿ:

ಮಗು ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸಿ ಏದುಸಿರು ಬಿಡುತ್ತದೆ.
ಹಾಲು ಕುಡಿಯುವಾಗ ಹಣೆ ಬೆವರುತ್ತದೆ.
ತೂಕ ಏರುವುದಿಲ್ಲ. ಮತ್ತೆ ಮತ್ತೆ ಕಫ, ಜ್ವರ ಬರುತ್ತದೆ.
ತುಟಿ, ನಾಲಿಗೆ, ಉಗುರು ನೀಲಿಯಾಗುತ್ತವೆ.

ಇವು ಕಂಡರೆ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಹೋಗಿ. ತುಟಿ ನೀಲಿಯಾದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ, ಆ ಕೂಡಲೇ ಹೋಗಿ. ಹರಕೆ ಹೇಳಿಕೊಳ್ಳಬೇಡಿ ಅಂತ ನಾವು ಹೇಳುವುದಿಲ್ಲ. ಆದರೆ ಅದಕ್ಕಾಗಿ ದಿನ ಕಳೆಯಬೇಡಿ. ಸಣ್ಣ ತೂತು ಕೆಲವೊಮ್ಮೆ ತಾನಾಗಿಯೇ ಮುಚ್ಚುತ್ತದೆ. ದೊಡ್ಡ ತೂತು ಹಾಗಲ್ಲ. ಬಹಳ ತಡವಾದರೆ ಶ್ವಾಸಕೋಶವೇ ಕೆಡುತ್ತದೆ. ಆಮೇಲೆ ಎಂಥ ಡಾಕ್ಟರು ಬಂದರೂ ತೂತು ಮುಚ್ಚಲು ಆಗುವುದಿಲ್ಲ.

ಹಣ ಎಲ್ಲಿಂದ ಅಂತ ಹೆದರಬೇಡಿ. 2013ರಿಂದ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಡಾಕ್ಟರ ತಂಡ ಬಂದು ಮಕ್ಕಳನ್ನು ಪರೀಕ್ಷೆ ಮಾಡುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಸಹಕಾರಿ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಉಂಟು. 2003ರಲ್ಲಿ ಅದು ಶುರುವಾಗಲು ಡಾಕ್ಟರ್ ಶೆಟ್ಟಿಯವರೂ ದುಡಿದವರು. 2018ರಲ್ಲಿ ನಿಂತಿತ್ತು, 2022ರಲ್ಲಿ ಮತ್ತೆ ಬಂತು. ನಿಮ್ಮ ಹಾಲಿನ ಸೊಸೈಟಿಯಲ್ಲಿ ವಿಚಾರಿಸಿ.

ಆಸ್ಪತ್ರೆಯ ಚೀಟಿಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಡಿ. ಮತ್ತೆ ಬರಬೇಕಾದ ತಾರೀಕು ಅದರಲ್ಲಿ ಬರೆದಿರುತ್ತದೆ. ಈಗ ಅದನ್ನು ಓದಲು ನಿಮಗೆ ಬರುತ್ತದೆ. ನೀವೇ ಓದಿ, ಆ ದಿನ ಮಗುವನ್ನು ಎತ್ತಿಕೊಂಡು ಹೊರಡಿ.